‘ನಿಮ್ಮ ಸುಂಕ ನಮ್ಮ ಬಂದರಲ್ಲಿ ನಡೆಯಲ್ಲ’: 1832ರಲ್ಲಿ ಒಂದು ರಾಜ್ಯ ಕೇಂದ್ರಕ್ಕೆ ತಿರುಗಿ ನಿಂತ ಕಥೆ

ಪ್ರಾಜೆಕ್ಟ್‌ಗೆ ಅಂತ ಹೊರದೇಶದಿಂದ ಒಂದು ಸೆನ್ಸರೋ ಬೋರ್ಡೋ ತರಿಸಿದವರಿಗೆ ಇದು ಗೊತ್ತಿರುತ್ತೆ. ವೆಬ್‌ಸೈಟಲ್ಲಿ ನೋಡಿದ ಬೆಲೆ ಒಂದು, ಕೊರಿಯರ್‌ನವರು ಕೇಳೋ ದುಡ್ಡು ಇನ್ನೊಂದು. ನಡುವೆ ಕೂತಿರೋದು ಕಸ್ಟಮ್ಸ್ ಡ್ಯೂಟಿ, ಅಂದ್ರೆ ಆಮದು ಸುಂಕ. ಎಷ್ಟೇ ಬೈಕೊಂಡರೂ ಕಟ್ಟಲೇಬೇಕು. ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡ ಹಾಗೆ ಅಂತ ನಮ್ಮವರು ಗಾದೆ ಮಾಡಿಟ್ಟಿರೋದು ಸುಮ್ಮನೆ ಅಲ್ಲ.

ಆದರೆ ‘ಕಟ್ಟಲ್ಲ’ ಅಂತ ಹೇಳಿದ್ದು ಒಬ್ಬ ಗಿರಾಕಿ ಅಲ್ಲ, ಇಡೀ ಒಂದು ರಾಜ್ಯ ಅಂತಾದ್ರೆ? ಕೇಂದ್ರ ಸರ್ಕಾರದ ಸುಂಕದ ಕಾನೂನು ನಮ್ಮ ಗಡಿಯೊಳಗೆ ಚಲಾವಣೆಯಲ್ಲಿ ಇಲ್ಲ, ಬಲವಂತ ಮಾಡಿದ್ರೆ ದೇಶ ಬಿಟ್ಟೇ ಹೋಗ್ತೀವಿ ಅಂದ್ರೆ? 1832ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ರಾಜ್ಯ ಇದನ್ನೇ ಮಾಡಿತು. ಇತಿಹಾಸದ ಪುಸ್ತಕಗಳು ಇದನ್ನು ನಲ್ಲಿಫಿಕೇಶನ್ ಬಿಕ್ಕಟ್ಟು ಅಂತ ಕರೆಯುತ್ತವೆ. ನಲ್ಲಿಫೈ ಅಂದ್ರೆ ಶೂನ್ಯ ಮಾಡೋದು, ಕಾನೂನನ್ನು ಇಲ್ಲವೇ ಇಲ್ಲ ಅನ್ನೋ ಹಾಗೆ ರದ್ದು ಮಾಡೋದು.

ಈಗ ಪೇಪರ್ ತೆಗೆದರೆ ಅಮೆರಿಕದ ಸುಂಕದ್ದೇ ಸುದ್ದಿ. ಆ ದೇಶದಲ್ಲಿ ಸುಂಕಕ್ಕಾಗಿ ಒಮ್ಮೆ ಒಳಗೊಳಗೇ ಯುದ್ಧ ಆಗೋದರಲ್ಲಿತ್ತು ಅನ್ನೋದು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕಥೆ ಮೇಲ್ನೋಟಕ್ಕೆ ದುಡ್ಡಿನದು. ಸ್ವಲ್ಪ ಕೆರೆದರೆ ಒಳಗೆ ಇನ್ನೇನೋ ಸಿಗುತ್ತೆ. ಅದಕ್ಕೇ ಹಂತಹಂತವಾಗಿ ನೋಡೋಣ.

ಸುಂಕ ಯಾರ ಕೈಯಲ್ಲಿ?

ಇವತ್ತು ಸರ್ಕಾರಕ್ಕೆ ಆದಾಯ ತೆರಿಗೆ, ಜಿಎಸ್‌ಟಿ, ಇನ್ನೂ ಹತ್ತು ದಾರಿಗಳಿವೆ. 200 ವರ್ಷದ ಹಿಂದಿನ ಅಮೆರಿಕದ ಕೇಂದ್ರ ಸರ್ಕಾರಕ್ಕೆ ಆದಾಯ ತೆರಿಗೆ ಅನ್ನೋದೇ ಇರಲಿಲ್ಲ. ಖಜಾನೆಗೆ ಬರುತ್ತಿದ್ದ ಹಣದಲ್ಲಿ ಬಹುಪಾಲು ಬಂದರಿನ ಸುಂಕದ್ದು. ಹಾಗಾಗಿ ಸುಂಕ ನಿಂತರೆ ಸರ್ಕಾರವೇ ನಿಂತ ಹಾಗೆ.

ಇದು ಬರೀ ಮಾತಲ್ಲ, ಒಮ್ಮೆ ನಿಜವಾಗಿಯೂ ಹಾಗೆ ಆಗಿತ್ತು. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ 13 ರಾಜ್ಯಗಳು ಸೇರಿ ಮೊದಲು ಮಾಡಿಕೊಂಡ ಒಪ್ಪಂದದಲ್ಲಿ ಕೇಂದ್ರಕ್ಕೆ ಸುಂಕ ಹಾಕುವ ಅಧಿಕಾರ ಇರಲಿಲ್ಲ. ರಾಜ್ಯಗಳು ಕೊಟ್ಟಷ್ಟು ಇಸ್ಕೊಬೇಕಿತ್ತು. ಕೊಡದಿದ್ದರೆ ಕೇಳುವ ಹಾಗಿಲ್ಲ. ಯುದ್ಧದ ಸಾಲ ತೀರಿಸೋಕೆ ಶೇ. 5ರಷ್ಟು ಆಮದು ಸುಂಕ ಹಾಕೋಣ ಅಂತ 1781ರಲ್ಲಿ ಪ್ರಸ್ತಾಪ ಬಂತು. ಆದರೆ ಅದಕ್ಕೆ 13ಕ್ಕೆ 13 ರಾಜ್ಯಗಳೂ ಒಪ್ಪಬೇಕು ಅನ್ನೋ ನಿಯಮ. ಎಲ್ಲಕ್ಕಿಂತ ಚಿಕ್ಕ ರಾಜ್ಯ ರೋಡ್ ಐಲೆಂಡ್ 1782ರಲ್ಲಿ ಆಗಲ್ಲ ಅಂದಿತು. ಅಲ್ಲಿಗೆ ಮುಗೀತು. ಮತ್ತೊಮ್ಮೆ ಪ್ರಯತ್ನಿಸಿದಾಗ ನ್ಯೂಯಾರ್ಕ್ ಅಡ್ಡಗಾಲು ಹಾಕಿತು. ಅದಕ್ಕೆ ಕಾರಣವೂ ಇತ್ತು. ನ್ಯೂಯಾರ್ಕ್ ಬಂದರಿಗೆ ಬರುವ ಸರಕಿನ ಮೇಲೆ ಆ ರಾಜ್ಯ ತಾನೇ ಸುಂಕ ಹಾಕಿ ದುಡ್ಡು ಮಾಡುತ್ತಿತ್ತು. ಪಕ್ಕದ ನ್ಯೂಜೆರ್ಸಿ, ಕನೆಕ್ಟಿಕಟ್‌ಗೆ ಹೋಗುವ ಸರಕೂ ಅದೇ ಬಂದರಲ್ಲಿ ಇಳಿಯುತ್ತಿತ್ತಲ್ಲ, ಅವರೂ ಸೇರಿ ನ್ಯೂಯಾರ್ಕಿನ ಜೇಬು ತುಂಬಿಸುತ್ತಿದ್ದರು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು 13 ಸ್ವಿಚ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದ ಸರ್ಕ್ಯೂಟ್. ಒಂದು ಆಫ್ ಆದರೂ ಬಲ್ಬ್ ಉರಿಯಲ್ಲ.

1787ರಲ್ಲಿ ಹೊಸ ಸಂವಿಧಾನ ಬರೆದಾಗ ಈ ವೈರಿಂಗ್ ಬದಲಾಯಿತು. ಮೂರು ಮುಖ್ಯ ನಿಯಮ ನೆನಪಿಡಿ, ಮುಂದೆ ಬೇಕಾಗುತ್ತೆ. ಒಂದು, ಆಮದು ಸುಂಕ ಹಾಕುವ ಅಧಿಕಾರ ಕೇಂದ್ರದ ಶಾಸನಸಭೆಯಾದ ಕಾಂಗ್ರೆಸ್‌ಗೆ, ಮತ್ತು ದರ ದೇಶದ ಎಲ್ಲ ಕಡೆ ಒಂದೇ ಇರಬೇಕು. ಎರಡು, ಯಾವುದೇ ರಾಜ್ಯದಿಂದ ಹೊರಗೆ ಹೋಗುವ ಸರಕಿನ ಮೇಲೆ, ಅಂದ್ರೆ ರಫ್ತಿನ ಮೇಲೆ, ಕಾಂಗ್ರೆಸ್ ತೆರಿಗೆ ಹಾಕುವ ಹಾಗಿಲ್ಲ. ಮೂರು, ಕಾಂಗ್ರೆಸ್ಸಿನ ಒಪ್ಪಿಗೆ ಇಲ್ಲದೆ ರಾಜ್ಯಗಳು ತಾವಾಗಿ ಆಮದು ಸುಂಕ ಹಾಕುವ ಹಾಗಿಲ್ಲ. ಹೊಸ ಸರ್ಕಾರ ಬಂದಮೇಲೆ ಮಾಡಿದ ಮೊದಮೊದಲ ಕಾನೂನುಗಳಲ್ಲಿ 1789ರ ಸುಂಕದ ಕಾನೂನೂ ಒಂದು.

ಕಾಗದದ ಮೇಲೆ ವಿಷಯ ಇತ್ಯರ್ಥ ಆಗಿತ್ತು. ಜಗಳ ಶುರುವಾಗಿದ್ದು ಬೇರೆ ಪ್ರಶ್ನೆಯಿಂದ: ಸುಂಕ ಹಾಕೋದು ಯಾತಕ್ಕೆ?

ಎರಡು ಥರದ ಸುಂಕ

ಖಜಾನೆಗೆ ದುಡ್ಡು ಬರಲಿ ಅಂತ ಹಾಕೋದು ಒಂದು ಥರ. ಹೊರಗಿನ ಮಾಲು ದುಬಾರಿ ಆಗಿ, ದೇಶದೊಳಗಿನ ಕಾರ್ಖಾನೆ ಬದುಕಿಕೊಳ್ಳಲಿ ಅಂತ ಹಾಕೋದು ಇನ್ನೊಂದು ಥರ. ಇದಕ್ಕೆ ರಕ್ಷಣಾತ್ಮಕ ಸುಂಕ ಅಂತಾರೆ. ಇವೆರಡೂ ಒಂದಕ್ಕೊಂದು ವಿರುದ್ಧ ಅನ್ನೋದು ಗಮನಿಸಿ. ರಕ್ಷಣೆ ಪೂರ್ತಿ ಯಶಸ್ವಿಯಾದರೆ ಹೊರಗಿನ ಮಾಲು ಬರೋದೇ ಇಲ್ಲ, ಆಗ ಖಜಾನೆಗೆ ಸೊನ್ನೆ.

ಒಂದು ಲೆಕ್ಕ ನೋಡಿ. ಇಂಗ್ಲೆಂಡಿನ ಬಟ್ಟೆ 100 ರೂಪಾಯಿ, ಅಮೆರಿಕದ ಗಿರಣಿ ಬಟ್ಟೆ 125 ಅಂತ ಇಟ್ಕೊಳಿ (ಲೆಕ್ಕಕ್ಕೆ ಮಾತ್ರ). ಸುಂಕ ಇಲ್ಲದಿದ್ದರೆ ಜನ ಇಂಗ್ಲೆಂಡಿನದನ್ನೇ ತಗೋತಾರೆ. ಶೇ. 40 ಸುಂಕ ಹಾಕಿದರೆ ಅದರ ಬೆಲೆ 140, ಈಗ ಅಮೆರಿಕದ ಗಿರಣಿ ಗೆಲ್ಲುತ್ತೆ. ಆದರೆ ಕೊಳ್ಳುವವನ ಜೇಬಿಂದ 25 ಹೆಚ್ಚಿಗೆ ಹೋಯಿತು. ಅದು ಸರ್ಕಾರಕ್ಕೂ ಹೋಗಲಿಲ್ಲ, ಗಿರಣಿಗೆ ಹೋಯಿತು.

ಈಗ ಭೂಪಟ ತೆಗೀರಿ. ಗಿರಣಿಗಳು ಇದ್ದಿದ್ದು ಉತ್ತರದಲ್ಲಿ. ದಕ್ಷಿಣದ ಸೌತ್ ಕೆರೊಲಿನಾದಲ್ಲಿ ಇದ್ದಿದ್ದು ಹತ್ತಿ ಮತ್ತು ಭತ್ತದ ದೊಡ್ಡ ದೊಡ್ಡ ತೋಟಗಳು. ಅವರು ಹತ್ತಿಯನ್ನು ಮುಖ್ಯವಾಗಿ ಇಂಗ್ಲೆಂಡಿಗೆ ಮಾರುತ್ತಿದ್ದರು, ಬಟ್ಟೆ, ಕಬ್ಬಿಣದ ಸಾಮಾನು ಕೊಳ್ಳುತ್ತಿದ್ದರು. ಮಾರುವಾಗ ಲೋಕದ ಪೈಪೋಟಿಯ ಬೆಲೆ, ಕೊಳ್ಳುವಾಗ ಸುಂಕದ ಬೆಲೆ. ಸಾಲದ್ದಕ್ಕೆ 1819ರ ಆರ್ಥಿಕ ಕುಸಿತದ ನಂತರ ಹತ್ತಿಯ ಬೆಲೆ ಬಿದ್ದುಹೋಯಿತು. 1818ರಲ್ಲಿ ಪೌಂಡಿಗೆ 30 ಸೆಂಟ್ ಆಸುಪಾಸು ಇದ್ದದ್ದು 1820ರ ದಶಕ ಮುಗಿಯುವ ಹೊತ್ತಿಗೆ 10 ಸೆಂಟ್ ಹತ್ತಿರಕ್ಕೆ ಬಂತು. ಪಶ್ಚಿಮದ ಅಲಬಾಮಾ, ಮಿಸ್ಸಿಸ್ಸಿಪ್ಪಿ ಕಡೆ ಹೊಸ ಮಣ್ಣಲ್ಲಿ ಹತ್ತಿ ಚೆನ್ನಾಗಿ ಬರುತ್ತಿತ್ತು, ಕೆರೊಲಿನಾದ ಹಳೇ ಮಣ್ಣು ಸವೆದಿತ್ತು. ಬೆಲೆ ಬೀಳೋಕೆ ದೊಡ್ಡ ಕಾರಣ ಈ ಪೈಪೋಟಿ. ಆದರೆ ಮಣ್ಣನ್ನು ಬೈಯೋದಕ್ಕಿಂತ ವಾಷಿಂಗ್ಟನ್ನನ್ನು ಬೈಯೋದು ಸುಲಭ ಅಲ್ವಾ?

ಅಲ್ಲಿನ ಕಾಂಗ್ರೆಸ್ ಸದಸ್ಯ ಜಾರ್ಜ್ ಮೆಕ್‌ಡಫಿ ಒಂದು ಸರಳ ವಾದ ಹಬ್ಬಿಸಿದ. ಶೇ. 40 ಸುಂಕ ಅಂದ್ರೆ, ನೀವು ಬೆಳೆದ ಪ್ರತಿ 100 ಹತ್ತಿ ಬೇಲ್‌ನಲ್ಲಿ 40 ಬೇಲನ್ನು ಉತ್ತರದವರು ಎತ್ತಿಕೊಂಡು ಹೋದ ಹಾಗೆ! ರೈತನ ತಲೆಗೆ ತಕ್ಷಣ ಹತ್ತುವ ಲೆಕ್ಕ. ಆದರೆ ಸರಿನಾ? ಪೂರ್ತಿ ಸರಿ ಇಲ್ಲ. ಸುಂಕದ ಭಾರ ಬಟ್ಟೆ ಕೊಳ್ಳುವ ಎಲ್ಲರ ಮೇಲೂ ಬೀಳುತ್ತೆ, ಉತ್ತರದ ಕೂಲಿಯವನ ಮೇಲೂ ಬೀಳುತ್ತೆ. ಹಾಗಂತ ಪೂರ್ತಿ ತಪ್ಪೂ ಅಲ್ಲ. ಇಂಗ್ಲೆಂಡ್ ತನ್ನ ಮಾಲು ಮಾರೋದು ಕಮ್ಮಿ ಆದರೆ, ಅಮೆರಿಕದ ಹತ್ತಿ ಕೊಳ್ಳೋಕೆ ಅದರ ಹತ್ತಿರ ದುಡ್ಡೂ ಕಮ್ಮಿ ಆಗುತ್ತೆ. ಆಮದಿನ ಮೇಲಿನ ತೆರಿಗೆ ಕೊನೆಗೆ ರಫ್ತಿನ ಮೇಲಿನ ತೆರಿಗೆಯ ಥರಾನೇ ಕೆಲಸ ಮಾಡುತ್ತೆ ಅಂತ ಅರ್ಥಶಾಸ್ತ್ರಜ್ಞ ಅಬ್ಬಾ ಲರ್ನರ್ 1936ರಲ್ಲಿ ತೋರಿಸಿದ. ಸಂವಿಧಾನ ರಫ್ತು ತೆರಿಗೆ ನಿಷೇಧಿಸಿದೆ, ನೀವು ಹಿಂಬಾಗಿಲಿಂದ ಅದನ್ನೇ ಹಾಕ್ತಿದೀರಿ ಅನ್ನೋ ಕೆರೊಲಿನಾದವರ ಸಿಟ್ಟಲ್ಲಿ ಇಷ್ಟು ಸತ್ಯ ಇತ್ತು.

1828: ಹಾಕಿದ ಪ್ಲಾನ್ ಉಲ್ಟಾ ಹೊಡೆದದ್ದು

ಸುಂಕ 1816ರಲ್ಲಿ ಏರಿತು, 1824ರಲ್ಲಿ ಇನ್ನಷ್ಟು ಏರಿತು. 1828ರಲ್ಲಿ ಮತ್ತೊಂದು ಮಸೂದೆ ಬಂದಾಗ ದಕ್ಷಿಣದ ಸದಸ್ಯರು ಒಂದು ಉಪಾಯ ಮಾಡಿದರು. ಮಸೂದೆಯನ್ನು ವಿರೋಧಿಸೋ ಬದಲು ಅದನ್ನು ಇನ್ನೂ ಕೆಟ್ಟದು ಮಾಡೋದು! ಉಣ್ಣೆ, ಸೆಣಬು, ಕಾಕಂಬಿ, ಕಬ್ಬಿಣದಂಥ ಕಚ್ಚಾವಸ್ತುಗಳ ಮೇಲೆ ಸಿಕ್ಕಾಪಟ್ಟೆ ಸುಂಕ ಇದ್ದರೆ ನ್ಯೂ ಇಂಗ್ಲೆಂಡಿನ ಗಿರಣಿ ಮಾಲೀಕರಿಗೂ ಹಡಗಿನವರಿಗೂ ಹೊಡೆತ, ಅವರ ಸದಸ್ಯರೇ ಮಸೂದೆಯನ್ನು ಬೀಳಿಸ್ತಾರೆ ಅನ್ನೋದು ಲೆಕ್ಕ.

ಲೆಕ್ಕ ತಪ್ಪಿತು. ನ್ಯೂ ಇಂಗ್ಲೆಂಡಿನ ಸಾಕಷ್ಟು ಸದಸ್ಯರು, ‘ಕಚ್ಚಾವಸ್ತು ದುಬಾರಿ ಆದರೂ ಪರವಾಗಿಲ್ಲ, ರಕ್ಷಣೆ ಸಿಗುತ್ತಲ್ಲ’ ಅಂತ ಪರವಾಗಿ ಮತ ಹಾಕಿದರು. ಕೆಳಮನೆಯಲ್ಲಿ 105ಕ್ಕೆ 94, ಸೆನೆಟ್‌ನಲ್ಲಿ 26ಕ್ಕೆ 21. ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಸಹಿ ಹಾಕಿದ. ದಕ್ಷಿಣದವರು ಇದಕ್ಕೆ ಅಸಹ್ಯದ ಸುಂಕ ಅಂತ ಹೆಸರಿಟ್ಟರು, ಅದೇ ಹೆಸರು ಇವತ್ತಿಗೂ ಉಳಿದಿದೆ.

ಇಲ್ಲೊಂದು ಮಜಾ ಇದೆ. 1816ರಲ್ಲಿ ಸೌತ್ ಕೆರೊಲಿನಾದ ಜಾನ್ ಸಿ. ಕ್ಯಾಲ್ಹೂನ್ ಸುಂಕದ ಪರ ಇದ್ದ, 1828ರ ಹೊತ್ತಿಗೆ ಕಡು ವಿರೋಧಿ. ಮ್ಯಾಸಚೂಸೆಟ್ಸ್‌ನ ಡೇನಿಯಲ್ ವೆಬ್‌ಸ್ಟರ್ 1824ರಲ್ಲಿ ವಿರೋಧಿ, 1828ರಲ್ಲಿ ಪರ. ಇಬ್ಬರೂ ದೊಡ್ಡ ತತ್ವ ಮಾತಾಡುತ್ತಿದ್ದರು. ಅವರವರ ರಾಜ್ಯದ ಆದಾಯ ಎಲ್ಲಿಂದ ಬರುತ್ತೆ ಅನ್ನೋದು ಬದಲಾದ ಹಾಗೆ ತತ್ವವೂ ಜಾಗ ಬದಲಿಸಿತು.

ಕ್ಯಾಲ್ಹೂನ್ ಕಟ್ಟಿದ ಯಂತ್ರ

ಕ್ಯಾಲ್ಹೂನ್ ಆಗ ದೇಶದ ಉಪಾಧ್ಯಕ್ಷ. ಆದರೂ 1828ರ ಕೊನೆಯಲ್ಲಿ ತನ್ನ ರಾಜ್ಯಕ್ಕಾಗಿ ಒಂದು ಉದ್ದದ ಪ್ರತಿಭಟನಾ ಪತ್ರವನ್ನು ಹೆಸರು ಹಾಕದೆ ಬರೆದುಕೊಟ್ಟ. ಅದರ ತರ್ಕ ಹೀಗಿದೆ.

ಸಂವಿಧಾನ ಅನ್ನೋದು ರಾಜ್ಯಗಳ ನಡುವಿನ ಒಪ್ಪಂದ. ಕೇಂದ್ರ ಅನ್ನೋದು ಆ ಒಪ್ಪಂದದಿಂದ ಹುಟ್ಟಿದ ಏಜೆಂಟ್ ಮಾತ್ರ. ಏಜೆಂಟ್ ತನ್ನ ಮಿತಿ ಮೀರಿದರೆ ಅದನ್ನು ಹೇಳಬೇಕಾದವರು ಯಾರು? ಏಜೆಂಟನ್ನೇ ಕೇಳೋಕಾಗುತ್ತಾ? ಹಾಗಾಗಿ ಒಂದು ರಾಜ್ಯ ವಿಶೇಷ ಸಮಾವೇಶ ಕರೆದು, ಈ ಕಾನೂನು ಸಂವಿಧಾನಬಾಹಿರ, ನಮ್ಮಲ್ಲಿ ನಡೆಯಲ್ಲ ಅಂತ ಘೋಷಿಸಬಹುದು. ಆಮೇಲೆ ಕೇಂದ್ರಕ್ಕೆ ಆ ಅಧಿಕಾರ ಬೇಕೇ ಬೇಕು ಅಂದ್ರೆ ಸಂವಿಧಾನ ತಿದ್ದುಪಡಿ ಮಾಡಿಸಿಕೊಂಡು ಬರಲಿ. ಅದಕ್ಕೆ ಮುಕ್ಕಾಲು ಪಾಲು ರಾಜ್ಯಗಳ ಒಪ್ಪಿಗೆ ಬೇಕು.

1832ರಲ್ಲಿ ಅಮೆರಿಕದಲ್ಲಿ 24 ರಾಜ್ಯಗಳಿದ್ದವು. ಮುಕ್ಕಾಲು ಅಂದ್ರೆ 18. ಅಂದ್ರೆ ಒಂದು ರಾಜ್ಯ ಬೇಡ ಅಂದ್ರೆ ಕಾನೂನು ಅಲ್ಲಿ ನಿಲ್ಲುತ್ತೆ, ಅದನ್ನು ಮತ್ತೆ ಓಡಿಸೋಕೆ 18 ರಾಜ್ಯ ಬೇಕು. ಏಳು ರಾಜ್ಯ ಕೈಕಟ್ಟಿ ಕೂತರೆ ಸಾಕು, ಕಾನೂನು ಸತ್ತ ಹಾಗೆ.

ಓದುವಾಗ ಇದು ಚಂದದ ಡಿಸೈನ್ ಅನ್ನಿಸುತ್ತೆ. ಬಹುಮತದ ದಬ್ಬಾಳಿಕೆಗೆ ಒಂದು ಸರ್ಕ್ಯೂಟ್ ಬ್ರೇಕರ್ ಇದ್ದ ಹಾಗೆ. ಆದರೆ 24 ಮನೆಯವರ ಕೈಗೂ ಇಡೀ ಬೀದಿಯ ಬ್ರೇಕರ್ ಕೊಟ್ಟರೆ? ಇದರ ಜೊತೆಗೆ, ಸುಂಕ ಎಲ್ಲ ಬಂದರಲ್ಲೂ ಒಂದೇ ಇರಬೇಕು ಅನ್ನೋ ನಿಯಮ ನೆನಪಿದೆಯಲ್ಲ. ಚಾರ್ಲ್‌ಸ್ಟನ್ ಬಂದರಲ್ಲಿ ಸುಂಕ ಇಲ್ಲ ಅಂತಾದರೆ ಹಡಗುಗಳೆಲ್ಲ ಅಲ್ಲಿಗೇ ಬಂದು ಇಳಿಸಿ ಹೋಗುತ್ತವೆ. ಒಂದು ಬಂದರಲ್ಲಿ ತೂತು ಬಿದ್ದರೆ ಇಡೀ ದೇಶದ ಸುಂಕ ಸೋರಿಹೋಗುತ್ತೆ.

ಈ ವಾದದ ಬೇರು 1798ರಲ್ಲಿ ಜೇಮ್ಸ್ ಮ್ಯಾಡಿಸನ್ ಮತ್ತು ಥಾಮಸ್ ಜೆಫರ್ಸನ್ ಬರೆದ ನಿರ್ಣಯಗಳಲ್ಲಿದೆ ಅಂತ ಕೆರೊಲಿನಾದವರು ಹೇಳಿಕೊಂಡರು. ಸಂವಿಧಾನ ರೂಪಿಸಿದವರಲ್ಲಿ ಮುಖ್ಯನಾದ ಮ್ಯಾಡಿಸನ್ 1830ರಲ್ಲಿ ಇನ್ನೂ ಬದುಕಿದ್ದ. ವಯಸ್ಸು 80ರ ಹತ್ತಿರ. ಒಂದು ರಾಜ್ಯ ಒಬ್ಬಂಟಿಯಾಗಿ ಕಾನೂನು ರದ್ದು ಮಾಡಬಹುದು ಅಂತ ತಾನು ಯಾವತ್ತೂ ಹೇಳಿಲ್ಲ ಅಂತ ಆತ ಬಹಿರಂಗವಾಗಿಯೇ ಬರೆದ. ಆದರೂ ನಲ್ಲಿಫೈಯರ್‌ಗಳು ಅವನ ಹೆಸರು ಬಳಸೋದು ಬಿಡಲಿಲ್ಲ.

ಒಂದೇ ಊಟದ ಮೇಜು, ಎರಡು ಮಾತು

1829ರಲ್ಲಿ ಆಂಡ್ರ್ಯೂ ಜಾಕ್ಸನ್ ಅಧ್ಯಕ್ಷನಾದ. ಹುಟ್ಟಿದ್ದು ಕೆರೊಲಿನಾ ಗಡಿಯಲ್ಲೇ, ತಾನೂ ಗುಲಾಮರನ್ನು ಇಟ್ಟುಕೊಂಡಿದ್ದ ತೋಟದ ಮಾಲೀಕ, ರಾಜ್ಯಗಳ ಹಕ್ಕಿನ ಬಗ್ಗೆ ಒಲವು ಇದ್ದವನು. ಇವನು ನಮ್ಮವನೇ ಅಂತ ಕೆರೊಲಿನಾದವರು ಅಂದುಕೊಂಡಿದ್ದರೆ ಆಶ್ಚರ್ಯ ಇಲ್ಲ.

1830ರ ಏಪ್ರಿಲ್ 13ರಂದು ವಾಷಿಂಗ್ಟನ್‌ನಲ್ಲಿ ಜೆಫರ್ಸನ್ ಹುಟ್ಟುಹಬ್ಬದ ಭೋಜನಕೂಟ. ಗ್ಲಾಸ್ ಎತ್ತಿ ಶುಭ ಹಾರೈಸುವ ಸರದಿ ಜಾಕ್ಸನ್‌ಗೆ ಬಂದಾಗ, ನಮ್ಮ ಒಕ್ಕೂಟ ಉಳಿಯಲೇಬೇಕು ಅನ್ನೋ ಅರ್ಥದ ಒಂದೇ ವಾಕ್ಯ ಹೇಳಿದ. ಮುಂದಿನ ಸರದಿ ಅವನದೇ ಉಪಾಧ್ಯಕ್ಷ ಕ್ಯಾಲ್ಹೂನ್‌ನದು. ಒಕ್ಕೂಟ ನಮಗೆ ಪ್ರಿಯ, ಆದರೆ ಸ್ವಾತಂತ್ರ್ಯ ಅದಕ್ಕಿಂತ ಮೊದಲು ಅಂದ. ಇಬ್ಬರ ದಾರಿ ಬೇರೆ ಅಂತ ಮೇಜಿನ ಸುತ್ತ ಇದ್ದವರಿಗೆಲ್ಲ ಗೊತ್ತಾಯಿತು.

1832ರ ಜುಲೈನಲ್ಲಿ ಹೊಸ ಸುಂಕದ ಕಾನೂನು ಬಂತು. 1828ರದ್ದಕ್ಕಿಂತ ದರ ಸ್ವಲ್ಪ ಇಳಿದಿತ್ತು, ಆದರೆ ರಕ್ಷಣೆಯ ತತ್ವ ಹಾಗೇ ಇತ್ತು. ಸೌತ್ ಕೆರೊಲಿನಾಕ್ಕೆ ಅದು ಸಾಲಲಿಲ್ಲ. ನವೆಂಬರ್ 24ರಂದು ರಾಜಧಾನಿ ಕೊಲಂಬಿಯಾದಲ್ಲಿ ಸೇರಿದ ಸಮಾವೇಶ 136ಕ್ಕೆ 26 ಮತಗಳಿಂದ ಆಜ್ಞೆ ಹೊರಡಿಸಿತು. 1828 ಮತ್ತು 1832ರ ಎರಡೂ ಸುಂಕದ ಕಾನೂನುಗಳು ಈ ರಾಜ್ಯದಲ್ಲಿ ಶೂನ್ಯ. 1833ರ ಫೆಬ್ರುವರಿ 1ರ ನಂತರ ಇಲ್ಲಿ ಸುಂಕ ವಸೂಲಿ ಮಾಡುವ ಹಾಗಿಲ್ಲ. ಕೇಂದ್ರ ಬಲಪ್ರಯೋಗ ಮಾಡಿದರೆ ಒಕ್ಕೂಟ ಬಿಟ್ಟು ಹೋಗ್ತೀವಿ.

ಬಂದರಲ್ಲಿ ನಡೆದ ಚೆಸ್

ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಯಾಕಂದ್ರೆ ಇಲ್ಲಿ ತತ್ವ ಮುಗಿದು ಪ್ರೊಸೀಜರ್ ಶುರುವಾಗುತ್ತೆ.

ಆಗ ವ್ಯಾಪಾರಿಗಳು ಬಹಳಷ್ಟು ಮಾಲಿಗೆ ಸುಂಕವನ್ನು ತಕ್ಷಣ ನಗದು ಕೊಡಬೇಕಿರಲಿಲ್ಲ. ಇಷ್ಟು ತಿಂಗಳಲ್ಲಿ ಕಟ್ಟುತ್ತೇನೆ ಅಂತ ಬಾಂಡ್ ಬರೆದುಕೊಟ್ಟು ಮಾಲು ಬಿಡಿಸಿಕೊಳ್ಳುತ್ತಿದ್ದರು. ನಲ್ಲಿಫೈಯರ್‌ಗಳ ತಂತ್ರ ಇದನ್ನೇ ನಂಬಿತ್ತು. ವ್ಯಾಪಾರಿ ಬಾಂಡ್ ಬರೆಯಲಿ, ಮಾಲು ತಗೊಂಡು ಹೋಗಲಿ, ಆಮೇಲೆ ಕಟ್ಟದೆ ಇರಲಿ. ಕೇಸು ಕೋರ್ಟಿಗೆ ಬಂದರೆ ಅಲ್ಲಿ ಕೂರುವ ಜ್ಯೂರಿ ಸ್ಥಳೀಯರೇ. ಜ್ಯೂರಿಯವರೂ ಅಧಿಕಾರಿಗಳೂ ಈ ಆಜ್ಞೆಯನ್ನು ಪಾಲಿಸ್ತೀವಿ ಅಂತ ಪ್ರಮಾಣ ಮಾಡಬೇಕು ಅಂತಲೂ ನಿಯಮ ಮಾಡಿದರು. ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗದ ಹಾಗೆ ಬಾಗಿಲು ಹಾಕಿದರು. ಕಸ್ಟಮ್ಸ್‌ನವರು ಮಾಲು ಜಪ್ತಿ ಮಾಡಿದರೆ ವ್ಯಾಪಾರಿ ಅದನ್ನು ರಾಜ್ಯದ ಕೋರ್ಟಿನ ಮೂಲಕ ವಾಪಸ್ ಪಡೆಯಬಹುದು. ಒಂದು ಗುಂಡೂ ಹಾರಿಸದೆ, ಬರೀ ಕಾಗದಪತ್ರದಲ್ಲೇ ಕೇಂದ್ರವನ್ನು ಸುಸ್ತು ಮಾಡೋದು ಅವರ ಉದ್ದೇಶ.

ಜಾಕ್ಸನ್ ಕೊಟ್ಟ ಉತ್ತರ ಎರಡು ಥರದ್ದು. ಡಿಸೆಂಬರ್ 10ರಂದು ಹೊರಡಿಸಿದ ಘೋಷಣೆಯಲ್ಲಿ, ಸಂವಿಧಾನ ರಾಜ್ಯಗಳ ಬರೀ ಒಪ್ಪಂದ ಅಲ್ಲ, ಅದು ಒಂದು ಸರ್ಕಾರ, ಆಯುಧ ಹಿಡಿದು ಒಕ್ಕೂಟ ಮುರಿಯೋದು ದೇಶದ್ರೋಹ ಅಂತ ನೇರವಾಗಿ ಹೇಳಿದ. ಚಾರ್ಲ್‌ಸ್ಟನ್ ಬಂದರಿನ ಕೋಟೆಗಳನ್ನು ಬಲಪಡಿಸಿದ, ಜನರಲ್ ವಿನ್‌ಫೀಲ್ಡ್ ಸ್ಕಾಟ್‌ನನ್ನು ಅಲ್ಲಿಗೆ ಕಳಿಸಿದ. ಇದು ಕಾಣುವ ಬಲ.

ಕಾಣದ ಬಲ ಇದ್ದಿದ್ದು ಅವನು ಜನವರಿಯಲ್ಲಿ ಕಾಂಗ್ರೆಸ್ಸನ್ನು ಕೇಳಿದ ಫೋರ್ಸ್ ಬಿಲ್‌ನಲ್ಲಿ. ಅಗತ್ಯ ಬಿದ್ದರೆ ಸೇನೆ ಬಳಸುವ ಮಾತು ಅದರಲ್ಲಿತ್ತು, ಹೆಸರೇ ಹೇಳುತ್ತೆ. ಆದರೆ ಬುದ್ಧಿವಂತಿಕೆ ಬೇರೆ ಕಲಮುಗಳಲ್ಲಿತ್ತು. ತೊಂದರೆ ಇರುವ ಬಂದರಲ್ಲಿ ಕಸ್ಟಮ್ಸ್ ಕಚೇರಿಯನ್ನು ಸುರಕ್ಷಿತ ಜಾಗಕ್ಕೋ ಹಡಗಿನ ಮೇಲಕ್ಕೋ ಸ್ಥಳಾಂತರಿಸಬಹುದು. ಅಲ್ಲಿ ಸುಂಕ ನಗದು ಕಟ್ಟಿದಮೇಲೇ ಮಾಲು ಬಿಡುಗಡೆ, ಬಾಂಡ್ ಇಲ್ಲ. ಕೇಸುಗಳು ರಾಜ್ಯದ ಕೋರ್ಟಿಂದ ಕೇಂದ್ರದ ಕೋರ್ಟಿಗೆ. ನೋಡಿ, ಬಾಂಡ್ ಇಲ್ಲದಿದ್ದರೆ ಕಟ್ಟದೆ ಇರುವ ಪ್ರಶ್ನೆಯೇ ಬರಲ್ಲ. ಕಟ್ಟದೆ ಇರುವ ಪ್ರಶ್ನೆ ಬರದಿದ್ದರೆ ಸ್ಥಳೀಯ ಜ್ಯೂರಿಗೆ ಕೆಲಸವೇ ಇಲ್ಲ. ಸುಂಕದಕಟ್ಟೆಯನ್ನು ನೀರಿನ ಮೇಲೆ ಇಟ್ಟರೆ ಊರೊಳಗಿನ ಕಾನೂನು ಏನು ಮಾಡೀತು? ಈಗ ಮೊದಲು ಬಲ ಬಳಸಬೇಕಾದವರು ಕೆರೊಲಿನಾದವರೇ ಆಗಿಬಿಡುತ್ತಿದ್ದರು.

ಇಷ್ಟರಲ್ಲಿ ಕ್ಯಾಲ್ಹೂನ್ ಡಿಸೆಂಬರ್ 28ರಂದು ಉಪಾಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಸೆನೆಟರ್ ಆಗಿ ವಾದಿಸೋಕೆ ಬಂದ. ರಾಜ್ಯದಲ್ಲಿ ಸ್ವಯಂಸೇವಕರ ಪಡೆ ಕವಾಯತು ಮಾಡುತ್ತಿತ್ತು. ರಾಜ್ಯದೊಳಗೇ ಒಕ್ಕೂಟದ ಪರ ಇದ್ದವರೂ ಸಂಘಟಿತರಾದರು. ಅವರ ಮುಖಂಡ ಜೋಯೆಲ್ ಪಾಯಿನ್ಸೆಟ್. ಕ್ರಿಸ್‌ಮಸ್ ಸಮಯದಲ್ಲಿ ನರ್ಸರಿಗಳಲ್ಲಿ ಕಾಣುವ ಕೆಂಪೆಲೆಯ ಪಾಯಿನ್‌ಸೆಟಿಯಾ ಗಿಡದ ಹೆಸರು ಇವನದೇ, ಮೆಕ್ಸಿಕೋದಲ್ಲಿ ರಾಯಭಾರಿಯಾಗಿದ್ದಾಗ ಅದನ್ನು ತಂದಿದ್ದ. ಮುಖ್ಯವಾಗಿ, ದಕ್ಷಿಣದ ಬೇರೆ ಒಂದೂ ರಾಜ್ಯ ಸೌತ್ ಕೆರೊಲಿನಾ ಜೊತೆ ನಿಲ್ಲಲಿಲ್ಲ. ಜನವರಿ ಕೊನೆಯ ಹೊತ್ತಿಗೆ, ಫೆಬ್ರುವರಿ 1ರ ಗಡುವನ್ನು ಸ್ವಲ್ಪ ಮುಂದೂಡೋಣ ಅಂತ ಅಲ್ಲಿನ ಮುಖಂಡರೇ ತಣ್ಣಗಾದರು.

ಸ್ಟೆಪ್ ಸ್ಟೆಪ್ಪಾಗಿ ಇಳಿದ ಸುಂಕ

ದಾರಿ ಹುಡುಕಿದವನು ಕೆಂಟಕಿಯ ಹೆನ್ರಿ ಕ್ಲೇ. ರಕ್ಷಣಾತ್ಮಕ ಸುಂಕದ ದೊಡ್ಡ ಬೆಂಬಲಿಗ ಅವನೇ, ಆದರೂ ಕ್ಯಾಲ್ಹೂನ್ ಜೊತೆ ಕೂತು 1833ರ ರಾಜಿ ಸುಂಕ ರೂಪಿಸಿದ. ನಿಯಮ ಹೀಗೆ: ಯಾವ ಸುಂಕ ಶೇ. 20ಕ್ಕಿಂತ ಹೆಚ್ಚಿದೆಯೋ ಅದರ ಹೆಚ್ಚುವರಿ ಭಾಗದ ಹತ್ತನೇ ಒಂದು ಪಾಲನ್ನು ಎರಡು ವರ್ಷಕ್ಕೊಮ್ಮೆ ನಾಲ್ಕು ಸಲ ಇಳಿಸೋದು. ಆಮೇಲೆ ಉಳಿದಿದ್ದರಲ್ಲಿ ಅರ್ಧ, ಕೊನೆಗೆ ಪೂರ್ತಿ.

ಶೇ. 50 ಸುಂಕ ಇದ್ದ ಒಂದು ಮಾಲು ತಗೊಳ್ಳೋಣ. ಹೆಚ್ಚುವರಿ 30, ಅದರ ಹತ್ತನೇ ಒಂದು 3.

1833ರ ಕೊನೆಗೆ: ಶೇ. 47
1835ರ ಕೊನೆಗೆ: ಶೇ. 44
1837ರ ಕೊನೆಗೆ: ಶೇ. 41
1839ರ ಕೊನೆಗೆ: ಶೇ. 38
1841ರ ಕೊನೆಗೆ: ಶೇ. 29
1842ರ ಮಧ್ಯಕ್ಕೆ: ಶೇ. 20

ಗ್ರಾಫ್ ಹಾಕಿ ನೋಡಿ. ಎಂಟು ವರ್ಷ ನಿಧಾನಕ್ಕೆ ಮೆಟ್ಟಿಲಿಳಿದು, ಕೊನೆಯ ಆರು ತಿಂಗಳಲ್ಲಿ ದಬಕ್ಕನೆ ಬೀಳುತ್ತೆ. ಉತ್ತರದ ಗಿರಣಿಗೆ ಸುಧಾರಿಸಿಕೊಳ್ಳೋಕೆ ಸಮಯ ಸಿಕ್ಕಿತು, ದಕ್ಷಿಣಕ್ಕೆ ಕೊನೆಯಲ್ಲಿ ಬೇಕಾದ ದರ ಸಿಗುವ ಭರವಸೆ ಸಿಕ್ಕಿತು. ಕಷ್ಟದ ಭಾಗವನ್ನು ಮುಂದಿನ ಸರ್ಕಾರದ ತಲೆಗೆ ಕಟ್ಟೋದು ನಮ್ಮಲ್ಲಿ ಮಾತ್ರ ಇರೋ ಅಭ್ಯಾಸ ಅಲ್ಲ ಅಂತಾಯಿತು.

1833ರ ಮಾರ್ಚ್ 2ರಂದು ಜಾಕ್ಸನ್ ರಾಜಿ ಸುಂಕಕ್ಕೂ ಫೋರ್ಸ್ ಬಿಲ್‌ಗೂ ಒಂದೇ ದಿನ ಸಹಿ ಹಾಕಿದ. ಒಂದು ಕೈಯಲ್ಲಿ ಬೆಲ್ಲ, ಇನ್ನೊಂದು ಕೈಯಲ್ಲಿ ಬೆತ್ತ. ಮಾರ್ಚ್ ಮಧ್ಯದಲ್ಲಿ ಸೌತ್ ಕೆರೊಲಿನಾ ಸಮಾವೇಶ ಮತ್ತೆ ಸೇರಿ ಸುಂಕದ ಮೇಲಿನ ತನ್ನ ಆಜ್ಞೆ ವಾಪಸ್ ತಗೊಂಡಿತು. ಆದರೆ ಸುಮ್ಮನೆ ಎದ್ದು ಹೋಗಲಿಲ್ಲ, ಹೋಗೋ ಮುಂಚೆ ಫೋರ್ಸ್ ಬಿಲ್ಲನ್ನು ನಲ್ಲಿಫೈ ಮಾಡಿ ಹೋಯಿತು! ಸುಂಕವೇ ತಕರಾರಿಲ್ಲದೆ ವಸೂಲಿ ಆಗುವಾಗ ಆ ಬಿಲ್ಲಿಗೆ ಕೆಲಸ ಇರಲಿಲ್ಲ. ಹಾಗಾಗಿ ಇಬ್ಬರೂ ಗೆದ್ದೆವು ಅಂತ ಹೇಳಿಕೊಂಡು ಮನೆಗೆ ಹೋದರು.

ಹಾಗಾದ್ರೆ ನಿಜವಾದ ಜಗಳ ಏನು?

ಇಲ್ಲಿಯವರೆಗೆ ಓದಿದರೆ ಕೆರೊಲಿನಾದ ಮೇಲೆ ಸ್ವಲ್ಪ ಅನುಕಂಪ ಬರುತ್ತೆ. ಚಿಕ್ಕ ರಾಜ್ಯ, ದೊಡ್ಡ ಕೇಂದ್ರ, ಅನ್ಯಾಯದ ತೆರಿಗೆ. ಆದರೆ ನಾವು ಇನ್ನೂ ಲೆಕ್ಕಕ್ಕೆ ತಗೊಳ್ಳದ ಜನ ಒಂದಷ್ಟು ಇದ್ದಾರೆ.

ಆ 100 ಬೇಲ್ ಹತ್ತಿಯನ್ನು ಬಿತ್ತಿ, ಕಳೆ ಕಿತ್ತು, ಬಿಡಿಸಿದವರಲ್ಲಿ ಹೆಚ್ಚಿನವರು ಗುಲಾಮರು. 1830ರಲ್ಲಿ ಸೌತ್ ಕೆರೊಲಿನಾದ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗುಲಾಮಗಿರಿಯಲ್ಲಿದ್ದ ಕರಿಯರು. 40 ಬೇಲ್ ಕಳ್ಳತನ ಆಯಿತು ಅಂತ ಕೂಗಿದವರು ನೂರಕ್ಕೆ ನೂರು ಬೇಲಿನ ಕೂಲಿಯನ್ನು ಯಾರಿಗೂ ಕೊಟ್ಟಿರಲಿಲ್ಲ.

1822ರಲ್ಲಿ ಚಾರ್ಲ್‌ಸ್ಟನ್‌ನಲ್ಲಿ ಡೆನ್ಮಾರ್ಕ್ ವೆಸಿ ಎಂಬಾತ ಗುಲಾಮರ ದಂಗೆಗೆ ಸಂಚು ಮಾಡಿದ ಅಂತ ಆರೋಪ ಬಂತು. ಲಾಟರಿಯಲ್ಲಿ ಗೆದ್ದ ಹಣದಿಂದ ತನ್ನ ಸ್ವಾತಂತ್ರ್ಯ ಕೊಂಡುಕೊಂಡಿದ್ದ ಬಡಗಿ ಅವನು. ಅವನನ್ನೂ ಸೇರಿಸಿ 35 ಜನರನ್ನು ನೇಣಿಗೇರಿಸಿದರು. ಅದೇ ವರ್ಷ ರಾಜ್ಯ ಒಂದು ಕಾನೂನು ಮಾಡಿತು: ಬಂದರಿಗೆ ಬರುವ ಹಡಗುಗಳಲ್ಲಿ ಸ್ವತಂತ್ರ ಕರಿಯ ನಾವಿಕರಿದ್ದರೆ, ಹಡಗು ಹೊರಡುವವರೆಗೆ ಅವರನ್ನು ಜೈಲಲ್ಲಿಡಬೇಕು. 1823ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಜಾನ್ಸನ್, ಅವನೂ ಅದೇ ರಾಜ್ಯದವನು, ಇದು ಸಂವಿಧಾನಬಾಹಿರ ಅಂದ. ರಾಜ್ಯ ಕ್ಯಾರೇ ಅನ್ನಲಿಲ್ಲ, ಬಂಧನ ಮುಂದುವರಿಸಿತು. ಅಂದ್ರೆ ಸುಂಕದ ಜಗಳಕ್ಕೆ ಹತ್ತು ವರ್ಷ ಮೊದಲೇ, ಅದೇ ಬಂದರಲ್ಲಿ, ನಲ್ಲಿಫಿಕೇಶನ್ ಕೆಲಸ ಮಾಡುತ್ತಿತ್ತು. ಅದಕ್ಕೆ ಹೆಸರು ಮಾತ್ರ ಇರಲಿಲ್ಲ.

ಕ್ಯಾಲ್ಹೂನ್ 1830ರಲ್ಲಿ ಬರೆದ ಒಂದು ಖಾಸಗಿ ಪತ್ರದಲ್ಲಿ ಇದನ್ನು ಒಪ್ಪಿಕೊಂಡಿದ್ದಾನೆ. ಸುಂಕ ಒಂದು ಸಂದರ್ಭ ಅಷ್ಟೇ, ನಿಜವಾದ ಕಾರಣ ಅಲ್ಲ, ದಕ್ಷಿಣದ ಗುಲಾಮಗಿರಿ ವ್ಯವಸ್ಥೆಯೇ ನಮ್ಮನ್ನು ಉಳಿದವರಿಂದ ಬೇರೆ ಮಾಡಿದೆ ಅನ್ನೋದು ಅದರ ಸಾರ. ಇವತ್ತು ಸುಂಕದ ವಿಷಯದಲ್ಲಿ ಬಹುಮತಕ್ಕೆ ತಲೆಬಾಗಿದರೆ ನಾಳೆ ಗುಲಾಮಗಿರಿಯ ವಿಷಯದಲ್ಲೂ ಬಾಗಬೇಕಾಗುತ್ತೆ ಅನ್ನೋದು ಅವರ ಭಯ. ಅಲ್ಪಸಂಖ್ಯಾತರ ಹಕ್ಕು ಅಂತ ಅವರು ಹೇಳಿದಾಗ ಆ ಅಲ್ಪಸಂಖ್ಯಾತರು ತೋಟದ ಮಾಲೀಕರು, ಹೊಲದಲ್ಲಿದ್ದವರಲ್ಲ. ನಮಗೆ ಮತಬಲ ಇಲ್ಲ ಅನ್ನುವ ಅಳಲೂ ಅರ್ಧ ಸತ್ಯ. ಸಂವಿಧಾನದ ಪ್ರಕಾರ ಕೆಳಮನೆಯ ಸೀಟು ಹಂಚುವಾಗ ಐದು ಗುಲಾಮರನ್ನು ಮೂರು ಜನ ಅಂತ ಲೆಕ್ಕ ಹಿಡಿಯುತ್ತಿದ್ದರು. ಮತ ಇಲ್ಲದವರ ತಲೆ ಎಣಿಸಿ ಮಾಲೀಕರಿಗೆ ಹೆಚ್ಚಿನ ಸೀಟು.

ಹಾಗಂತ ಜಾಕ್ಸನ್‌ನನ್ನೂ ಹೀರೋ ಮಾಡೋಕಾಗಲ್ಲ. ಅದೇ 1832ರಲ್ಲಿ ಚೆರೋಕೀ ಬುಡಕಟ್ಟಿನ ನೆಲದ ಮೇಲೆ ಜಾರ್ಜಿಯಾ ರಾಜ್ಯದ ಕಾನೂನು ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಜಾರ್ಜಿಯಾ ಪಾಲಿಸಲಿಲ್ಲ, ಜಾಕ್ಸನ್ ಬಲವಂತ ಮಾಡಲಿಲ್ಲ. ಸುಂಕಕ್ಕೆ ಸೇನೆ ಕಳಿಸೋಕೆ ಸಿದ್ಧನಿದ್ದವನು ಚೆರೋಕೀಗಳ ನೆಲಕ್ಕೆ ಕಾಗದವನ್ನೂ ಕಳಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಅವರನ್ನು ಆ ನೆಲದಿಂದ ಓಡಿಸಲಾಯಿತು.

1842ರಲ್ಲಿ, ರಾಜಿ ಸುಂಕ ಶೇ. 20ಕ್ಕೆ ಇಳಿದ ಮೇಲೆ ಕಾಂಗ್ರೆಸ್ ಮತ್ತೆ ಸುಂಕ ಏರಿಸಿತು. 1846ರಲ್ಲಿ ಮತ್ತೆ ಇಳಿಸಿತು. ಆಗ ಯಾವ ರಾಜ್ಯವೂ ಕಾನೂನನ್ನು ಶೂನ್ಯ ಮಾಡಲಿಲ್ಲ. 1860ರ ಡಿಸೆಂಬರ್ 20ರಂದು ಸೌತ್ ಕೆರೊಲಿನಾ ನಿಜವಾಗಿಯೂ ಒಕ್ಕೂಟ ಬಿಟ್ಟು ಹೋದಾಗ ತನ್ನ ಕಾರಣಗಳನ್ನು ಪಟ್ಟಿ ಮಾಡಿ ಒಂದು ಘೋಷಣೆ ಹೊರಡಿಸಿತು. ಅದರಲ್ಲಿ ಸುಂಕದ ಮಾತೇ ಇಲ್ಲ, ಗುಲಾಮಗಿರಿಯ ಮಾತು ಉದ್ದಕ್ಕೂ ಇದೆ. ಮುಂದಿನ ಏಪ್ರಿಲ್‌ನಲ್ಲಿ ಅಂತರ್ಯುದ್ಧದ ಮೊದಲ ಗುಂಡುಗಳು ಹಾರಿದ್ದು ಅದೇ ಚಾರ್ಲ್‌ಸ್ಟನ್ ಬಂದರಿನ ಫೋರ್ಟ್ ಸಮ್ಟರ್ ಮೇಲೆ.

ನಮಗೆ ಇದರಲ್ಲಿ ಏನಿದೆ?

ನಮ್ಮ ಸಂವಿಧಾನ ಬರೆಯುವಾಗ ಕಸ್ಟಮ್ಸ್ ಸುಂಕವನ್ನು, ರಫ್ತಿನದನ್ನೂ ಸೇರಿಸಿ, ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ಇಟ್ಟರು. ಆಮದು ರಫ್ತಿನ ವ್ಯಾಪಾರದ ಮೇಲೆ ರಾಜ್ಯಗಳು ಮಾರಾಟ ತೆರಿಗೆ ಹಾಕದಂತೆ 286ನೇ ವಿಧಿ ತಡೆಯುತ್ತೆ. ಕಾನೂನು ಸಂವಿಧಾನಕ್ಕೆ ವಿರುದ್ಧವಾ ಅನ್ನೋದನ್ನು ಕೋರ್ಟ್ ಹೇಳುತ್ತೆ. ಹಾಗಾಗಿ ನಲ್ಲಿಫಿಕೇಶನ್ ಥರದ ಬಾಗಿಲು ಇಲ್ಲಿ ಇಲ್ಲ. ಆದರೆ ತೆರಿಗೆ ಪಾಲು, ಸೆಸ್ಸು, ಜಿಎಸ್‌ಟಿ ಪರಿಹಾರ ಅಂತ ರಾಜ್ಯ ಮತ್ತು ಕೇಂದ್ರದ ವಾದ ನಾವು ಆಗಾಗ ಕೇಳುತ್ತಲೇ ಇರ್ತೀವಿ, ಮುಂದೆಯೂ ಕೇಳ್ತೀವಿ. ರಾಜ್ಯ ತನ್ನ ಪಾಲು ಕೇಳೋದು ತಪ್ಪಲ್ಲ. ಕೆರೊಲಿನಾದ ಸುಂಕದ ದೂರಿನಲ್ಲೂ ಒಂದಿಷ್ಟು ನ್ಯಾಯ ಇತ್ತು, ಅದು ಪರಿಹಾರ ಆಗಿದ್ದೂ ಕಾಂಗ್ರೆಸ್‌ನಲ್ಲಿ ಕೂತು ಮಾತಾಡಿದ್ದರಿಂದಲೇ.

ನಾನು ಇದನ್ನು ಓದಿ ಕಲಿತಿದ್ದು ಒಂದು ಸಣ್ಣ ಅಭ್ಯಾಸ. ಯಾರಾದರೂ ‘ನಮ್ಮ ರಾಜ್ಯದ ಹಕ್ಕು’ ಅಥವಾ ‘ದೇಶದ ಒಗ್ಗಟ್ಟು’ ಅಂತ ದೊಡ್ಡ ಮಾತಾಡಿದಾಗ, ಆ ಮಾತಿನೊಳಗಿನ ‘ನಮ್ಮ’ ಅನ್ನೋದರಲ್ಲಿ ಯಾರ್ಯಾರು ಇದ್ದಾರೆ, ಯಾರನ್ನು ಹೊರಗಿಟ್ಟಿದ್ದಾರೆ ಅಂತ ಎಣಿಸಿ ನೋಡೋದು. 1832ರಲ್ಲಿ ಹಾಗೆ ಎಣಿಸಿದ್ದರೆ ಸೌತ್ ಕೆರೊಲಿನಾದ ಅರ್ಧಕ್ಕಿಂತ ಹೆಚ್ಚು ಜನ ಆ ‘ನಮ್ಮ’ ಒಳಗೆ ಇರಲೇ ಇಲ್ಲ.

ಮುಂದಿನ ಸಲ ಕ್ಯಾಂಟೀನಲ್ಲಿ ಕೇಂದ್ರ, ರಾಜ್ಯ ಅಂತ ವಾದ ಶುರುವಾದರೆ ಜಾಕ್ಸನ್ ಮತ್ತು ಕ್ಯಾಲ್ಹೂನ್‌ರನ್ನೂ ಕರ್ಕೊಂಡು ಬನ್ನಿ. ವಾದ ಚೆನ್ನಾಗಿರುತ್ತೆ.